ಕೂಗಲು ಕಲಿಸಿದ ಟೀಚರ್

ಅವರು ನಿವೃತ್ತರಾದ ದಿನ ಬೀಳ್ಕೊಡುಗೆಯ ಭಾಷಣ ಮಾಡಿದವನು ನಾನು. ಹದಿಮೂರು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕುಳಿತವನೆಂದು ಹೆಡ್ ಮಾಸ್ಟರು ನನ್ನ ಹೆಸರು ಬರೆದಿದ್ದರು. ‘ಧೀರ ಮಹಿಳೆ’ ಅಂದೆ, ‘ಹೆಣ್ಣುಮಕ್ಕಳ ಪಾಲಿನ ರಣಚಂಡಿ’ ಅಂದೆ. ಅವರು ಹಾರ ಹಾಕಿಸಿಕೊಂಡು ವೇದಿಕೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಉಪ್ಪಿಟ್ಟು ತಿನ್ನುವಾಗ ಹತ್ತಿರ ಬಂದು, “ಎಂತ ಸರ್, ನೀವು ಮಾತಾಡಿದ್ದು ಯಾರ ಬಗ್ಗೆ?” ಎಂದು ಕೇಳಿದರು.

ಕಳೆದ ತಿಂಗಳು ಅವರು ಶೃಂಗೇರಿಯ ಮಗಳ ಮನೆಯಲ್ಲಿ ತೀರಿಕೊಂಡರು. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಸಾಲುಸಾಲಾಗಿ ಕೈ ಮುಗಿದ ಚಿತ್ರಗಳು ಬಂದವು. ಯಾರೋ ನನ್ನ ಆ ಭಾಷಣದ ತುಣುಕನ್ನೇ ಹಾಕಿದರು. ಅದನ್ನು ಪೂರ್ತಿ ನೋಡಲು ನನ್ನಿಂದ ಆಗಲಿಲ್ಲ.

ಕೊಪ್ಪದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಲೆಕ್ಕದ ಮೇಷ್ಟ್ರು, ಅವರು ದೈಹಿಕ ಶಿಕ್ಷಣದ ಟೀಚರ್. ಹುಡುಗಿಯರಿಗೆ ಆತ್ಮರಕ್ಷಣೆ ಕಲಿಸಬೇಕೆಂದು ಸರ್ಕಾರ ಅವರನ್ನು ಹತ್ತು ದಿನದ ತರಬೇತಿಗೆ ಕಳಿಸಿತ್ತು. ಅಲ್ಲಿಂದ ಬಂದ ಮೇಲೆ ಹುಡುಗರು ಅವರಿಗೆ ‘ಒನಕೆ ಟೀಚರ್’ ಎಂದು ಹೆಸರಿಟ್ಟರು. ಕಂಡವರಿಗೆ ಒನಕೆ ನೆನಪಾಗುವಂಥ ಆಳು ಅಲ್ಲ. ಐದಡಿ ಎತ್ತರ, ಸೀರೆಯ ಕೆಳಗೆ ಕ್ಯಾನ್ವಾಸ್ ಶೂ. ಮಂಡಿನೋವು ಬೇರೆ, ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ “ಅಮ್ಮಾ” ಅನ್ನುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಹತ್ತು ನಿಮಿಷ ಟೇಬಲ್ಲಿಗೆ ಹಣೆಯಿಟ್ಟು ಮಲಗುವುದು ಅವರ ನಿತ್ಯದ ನೇಮ.

ತರಬೇತಿಯಲ್ಲಿ ಕಲಿಸಿದ್ದು ಒದೆಯುವುದು, ಗುದ್ದುವುದು, ಹಿಡಿದ ಕೈ ಬಿಡಿಸಿಕೊಳ್ಳುವುದು. ಇವರು ಬಂದು ಮೊದಲ ಒಂದು ತಿಂಗಳು ಅದ್ಯಾವುದನ್ನೂ ಹೇಳಿಕೊಡಲಿಲ್ಲ. ಬರೀ ಕೂಗಿಸಿದರು. ನಲವತ್ತು ಹುಡುಗಿಯರನ್ನು ಮೈದಾನದಲ್ಲಿ ನಿಲ್ಲಿಸಿ, “ಹೂಂ, ಕೂಗಿ” ಅಂದರೆ ಒಬ್ಬಳ ಬಾಯಿಂದಲೂ ದನಿ ಹೊರಡಲಿಲ್ಲ. ಎಲ್ಲರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಮರುದಿನವೂ ಅದೇ. ವಾರ ಕಳೆದ ಮೇಲೆ ಒಬ್ಬಳು ಕೂಗಿದಳು, ಕೂಗಿದವಳೇ ಅತ್ತುಬಿಟ್ಟಳು. “ಅಳು, ಪರವಾಗಿಲ್ಲ. ನಾಳೆ ಮತ್ತೆ ಕೂಗು” ಅಂದರಂತೆ ಇವರು.

ಕೂಗುವುದಕ್ಕೂ ಒಂದು ಪಾಠ ಇತ್ತು. ಸುಮ್ಮನೆ ಚೀರಿದರೆ ಜನ ಆಟ ಅಂದುಕೊಳ್ಳುತ್ತಾರೆ. ಅಂಗಿಯ ಬಣ್ಣ ಹಿಡಿದು ಕೂಗಬೇಕು. ಏನು ಮಾಡುತ್ತಿದ್ದಾನೆ ಅಂತ ಕೂಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ‘ಇವನು ಯಾರೋ ನಂಗೆ ಗೊತ್ತಿಲ್ಲ’ ಅಂತ ಕೂಗಬೇಕು. “ಇಲ್ದಿದ್ರೆ ಮನೆ ಜಗಳ ಅಂತ ಎಲ್ರೂ ತಮ್ಮ ಪಾಡಿಗೆ ಹೋಗ್ತಾರೆ ಮಾರಾಯ್ತಿ” ಎಂದು ಹುಡುಗಿಯರಿಗೆ ಹೇಳುತ್ತಿದ್ದರು. ಕೂಗಿ ಆದ ಮೇಲೆ ಓಡಬೇಕು. ಹೊಡೆಯುವುದು ಕಡೆಯ ಮಾತು, ಅದೂ ಓಡುವುದಕ್ಕೆ ದಾರಿ ಆಗುವಷ್ಟು ಮಾತ್ರ.

ನನ್ನ ಹತ್ತನೇ ಕ್ಲಾಸಿನ ಕಿಟಕಿ ಮೈದಾನಕ್ಕೇ ತೆರೆದುಕೊಂಡಿತ್ತು. ಒಂದು ದಿನ ಬೇಸತ್ತು, “ಮೇಡಂ, ನಿಮ್ಮ ಗಲಾಟೆಯಲ್ಲಿ ಒಂದು ಪ್ರಮೇಯ ಮುಗಿಸಕ್ಕೆ ಆಗ್ತಿಲ್ಲ” ಎಂದೆ.

“ಪ್ರಮೇಯ ನಾಳೆನೂ ಇರುತ್ತೆ ಸರ್” ಎಂದು ನೀರಿನ ಬಾಟಲಿ ಎತ್ತಿಕೊಂಡು ಹೋದರು. ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿ ಉಳಿಸಿಕೊಂಡಂತೆಯೇ ಅವರು ಕಾಣುತ್ತಿರಲಿಲ್ಲ.

ನಾನು ಊರಾಚೆಯ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಬಂದವರೆಲ್ಲ ಮುಂಬಾಗಿಲ ಕೆತ್ತನೆಯನ್ನು ಸವರಿ ಸವರಿ ಹೊಗಳಿದರು. ಇವರು ಊಟದ ಕೈ ತೊಳೆಯಲು ಹಿತ್ತಿಲಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನೋಡಿದರೆ ಹಿಂಬಾಗಿಲನ್ನು ಭುಜದಿಂದ ತಳ್ಳಿ ನೋಡುತ್ತಿದ್ದಾರೆ.

“ಈ ತಿರುಪು ಬರೀ ಅರ್ಧ ಇಂಚು ಇದೆ ಸರ್. ಒಂದು ಒದೆಗೆ ಚಿಲಕ ಕಿತ್ತು ಬರುತ್ತೆ. ಮುಂದಿನ ಬಾಗಿಲಲ್ಲಿ ನೆಂಟರು ಬರ್ತಾರೆ, ಕಳ್ಳ ಬರೋದು ಇಲ್ಲಿ.”

ನನ್ನ ಹೆಂಡತಿ ನಗುತ್ತ, “ಮೇಡಂ, ಬೀಗದ ಕೈ ಎಲ್ಲಿಡ್ತೀವಿ ಹೇಳಿ ನೋಡುವ” ಎಂದಳು. ಅವರು ಸೀದಾ ಹೋಗಿ ಕರೆಂಟಿನ ಮೀಟರ್ ಪೆಟ್ಟಿಗೆಯ ಮೇಲೆ ಕೈಯಾಡಿಸಿ ಬೀಗದ ಕೈ ತೆಗೆದು ಅವಳ ಅಂಗೈಗೆ ಹಾಕಿದರು. “ಕೊಪ್ಪದಲ್ಲಿ ಅರ್ಧ ಜನ ಇಲ್ಲೇ ಇಡೋದು. ಉಳಿದರ್ಧ ತುಳಸಿ ಕಟ್ಟೆ ಹಿಂದೆ.”

ಹೊರಡುವಾಗ ನನ್ನನ್ನು ಕೇಳಿದರು, “ಪಕ್ಕದ ಮನೆಯವರ ಹೆಸರೆಂತ?” ಕಟ್ಟಡದ ಕೆಲಸಕ್ಕೆಂದು ವರ್ಷವಿಡೀ ಅಲ್ಲಿಗೆ ಓಡಾಡಿದ್ದೆ, ಆದರೂ ನನಗೆ ಗೊತ್ತಿರಲಿಲ್ಲ. “ಮೊದಲು ಅದನ್ನ ತಿಳ್ಕೊಳಿ. ತಿರುಪು ಆಮೇಲೆ ಹಾಕ್ಸಿದ್ರೂ ಆಗುತ್ತೆ” ಎಂದರು. ನಾನು ತಿರುಪು ಹಾಕಿಸಿದೆ. ಹೆಸರು ಕೇಳಲು ಇನ್ನೂ ಎರಡು ವರ್ಷ ಹಿಡಿಯಿತು.

ಅವರ ಕರಿಮಣಿ ಸರ ಹೋದದ್ದು ಆ ಗೃಹಪ್ರವೇಶದ ಮರುವರ್ಷ. ಸಂಜೆ ಐದರ ಹೊತ್ತು, ಒಳ್ಳೆ ಬೆಳಕಿತ್ತು. ಇವರು ಶಾಲೆ ಮುಗಿಸಿ ನಡೆದು ಹೋಗುತ್ತಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ನರಸಿಂಹರಾಜಪುರದ ದಾರಿ ಕೇಳಿದರು. ಇವರು ಕೈ ಎತ್ತಿ ತೋರಿಸುವಷ್ಟರಲ್ಲಿ ಹಿಂದಿನವನು ಚೂರಿ ತೆಗೆದ. ಅಲ್ಲಿ ಕೂಗಿದರೆ ಕೇಳುವ ದೂರದಲ್ಲಿ ಒಂದು ಮನೆಯೂ ಇರಲಿಲ್ಲ. ಇವರು ತಾವೇ ಕೊಂಡಿ ಬಿಚ್ಚಿ ಸರವನ್ನು ಅವನ ಕೈಗಿಟ್ಟರು.

ಊರು ನಗದೆ ಇರುತ್ತದೆಯೇ! “ಒನಕೆ ಟೀಚರ್ ಒನಕೆ ಮನೇಲಿ ಬಿಟ್ಟು ಬಂದಿದ್ರಂತೆ” ಎಂದು ಹೋಟೆಲಿನಲ್ಲಿ ಮಾತಾಯಿತು. ಸ್ಟಾಫ್ ರೂಮಿನಲ್ಲಿ ಆ ಮಾತನ್ನು ಇನ್ನಷ್ಟು ಬಣ್ಣ ಹಚ್ಚಿ ಹೇಳಿದವನು ನಾನು. ಅವರು ಬಾಗಿಲಲ್ಲಿ ನಿಂತಿದ್ದನ್ನು ಆಮೇಲೆ ನೋಡಿದೆ.

ಅತ್ತೆ ಅವರ ಸಂಗಡ ಆರು ತಿಂಗಳು ಮಾತಾಡಲಿಲ್ಲ. ಕಿತ್ತುಕೊಂಡು ಹೋಗಿದ್ದರೆ ಬೇರೆ ಮಾತಾಗಿತ್ತಂತೆ, ಕರಿಮಣಿಯನ್ನು ಸ್ವಂತ ಕೈಯಿಂದ ಬಿಚ್ಚಿ ಕೊಟ್ಟವಳು ಎಂಥ ಹೆಂಗಸು ಎಂದು ನೆಂಟರ ಮುಂದೆಲ್ಲ ಹೇಳಿಕೊಂಡು ತಿರುಗಿದರಂತೆ. ಗಂಡ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು, ಮಾತು ಕಡಿಮೆ. ಆ ಸಂಜೆ ಅವರು ಒಂದು ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಕೊಟ್ಟು, “ನೀನು ಬಂದ್ಯಲ್ಲ, ಸಾಕು” ಎಂದರಂತೆ. ಇದನ್ನೆಲ್ಲ ನನಗೆ ಅವರು ಹೇಳಿದ್ದು ಬಹಳ ಕಾಲದ ಮೇಲೆ.

ಸರ ಹೋದ ಮಾರನೇ ದಿನ ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಅವರು ಮೈಕ್ ಕೇಳಿ ತೆಗೆದುಕೊಂಡರು. ಕೊರಳಲ್ಲಿ ಆ ಹಳದಿ ದಾರ.

“ನಿನ್ನೆ ನನ್ನ ಸರ ಹೋಯ್ತು, ನಿಮ್ಗೆಲ್ಲ ಗೊತ್ತಿದೆ. ನನ್ನ ಕಾಲು ನಡುಗ್ತಿತ್ತು. ಈಗ್ಲೂ ನಡುಗ್ತಿದೆ. ಅವ್ರ ಕೈಯಲ್ಲಿ ಚೂರಿ ಇತ್ತು, ಕೂಗಿದ್ರೆ ಕೇಳೋರು ಇರ್ಲಿಲ್ಲ. ಅಂಥ ಹೊತ್ತಲ್ಲಿ ಕೊಟ್ಟುಬಿಡ್ಬೇಕು. ನಾನು ಕೊಟ್ಟೆ. ಸರ ಮತ್ತೆ ಮಾಡ್ಸಬಹುದು, ಕುತ್ತಿಗೆ ಮಾಡ್ಸಕ್ಕೆ ಬರಲ್ಲ. ಇದೂ ಪಾಠನೇ.”

ಮಕ್ಕಳು ಚಪ್ಪಾಳೆ ಹೊಡೆಯಲಿಲ್ಲ. ನಗಲೂ ಇಲ್ಲ.

ಇನ್ನು ನಾನು ಭಾಷಣದಲ್ಲಿ ಹೇಳದೆ ಬಿಟ್ಟ ಸಂಗತಿಗೆ ಬರುತ್ತೇನೆ.

ಒಂದು ಶನಿವಾರ ಮಧ್ಯಾಹ್ನ ನಾನು ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಕಾಫಿಪುಡಿ ಮಾಡಿಸಿಕೊಂಡು ನಿಂತಿದ್ದೆ. ಪೊಟ್ಟಣ ಇನ್ನೂ ಬೆಚ್ಚಗಿತ್ತು. ನಿಲ್ದಾಣದ ಗೋಡೆಯ ಕಡೆಯಿಂದ ಕೂಗು ಕೇಳಿತು.

“ನೀಲಿ ಶರ್ಟು! ನನ್ನ ಕೈ ಹಿಡ್ಕೊಂಡಿದಾನೆ! ಇವನು ಯಾರೋ ನಂಗೆ ಗೊತ್ತಿಲ್ಲ!”

ತಿರುಗಿ ನೋಡಿದೆ. ನಮ್ಮ ಶಾಲೆಯ ಸಮವಸ್ತ್ರ. ಮೂವತ್ತು ಮೂವತ್ತೈದು ವಯಸ್ಸಿನ ಗಂಡಸೊಬ್ಬ ಹುಡುಗಿಯ ಮಣಿಕಟ್ಟು ಹಿಡಿದು ಗೋಡೆಯ ಆಚೆಗೆ ಎಳೆಯುತ್ತಿದ್ದ. ಸುತ್ತ ಇಪ್ಪತ್ತು ಜನರಾದರೂ ಇದ್ದರು. ಎಲ್ಲರೂ ನೋಡಿದರು. ನಾನೂ ನೋಡಿದೆ. ಮನೆ ಜಗಳವೇನೋ ಅಂದುಕೊಂಡೆ ಎಂದು ಬೇರೆಯವರು ಹೇಳಬಹುದು. ನಾನು ಹೇಳುವಂತಿಲ್ಲ. ಆ ಮೂರು ಮಾತನ್ನು ಕ್ಲಾಸಿನ ಕಿಟಕಿಯಿಂದ ನೂರು ಸಲ ಕೇಳಿದವನು ನಾನು. ಅದರ ಅರ್ಥ ಆ ನಿಲ್ದಾಣದಲ್ಲಿ ನನ್ನಷ್ಟು ಚೆನ್ನಾಗಿ ಗೊತ್ತಿದ್ದವರು ಇನ್ನೊಬ್ಬರಿರಲಿಲ್ಲ. ಆದರೂ ನನ್ನ ಕಾಲು ಏಳಲಿಲ್ಲ. ಯಾರಾದರೂ ಹೋಗುತ್ತಾರೆ ಎಂದು ಕಾದೆ. ಅವರೆಲ್ಲರೂ ಹಾಗೇ ಕಾಯುತ್ತಿದ್ದರು.

ಹುಡುಗಿ ಬಾಗಿ ಅವನ ಕೈ ಕಚ್ಚಿದಳು. ಹಿಡಿತ ಸಡಿಲವಾಯಿತು. ಓಡಿ ಹೊರಡಲಿದ್ದ ಬಸ್ಸೊಂದನ್ನು ಹತ್ತಿದಳು, ಕಂಡಕ್ಟರು ಬಾಗಿಲು ಹಾಕಿಕೊಂಡ. ಅವನು ಗುಂಪಿನಲ್ಲಿ ಸೇರಿ ಮಾಯವಾದ. ಎಲ್ಲ ಸೇರಿ ಒಂದು ನಿಮಿಷ ಆಗಿರಬಹುದು. ನಾನು ಮನೆಗೆ ಹೋದೆ. ಹೆಂಡತಿಗೂ ಹೇಳಲಿಲ್ಲ.

ಸೋಮವಾರದಿಂದ ಆ ಹುಡುಗಿ ಶಾಲೆಗೆ ಬರಲಿಲ್ಲ. ಹತ್ತನೇ ಕ್ಲಾಸು, ಪರೀಕ್ಷೆಗೆ ಮೂರು ತಿಂಗಳಿತ್ತು. ಟೀಚರ್ ಅವಳ ಮನೆ ಹುಡುಕಿಕೊಂಡು ಹೋದರು. ಅಪ್ಪ ಪಂಪ್‌ಸೆಟ್ ರಿಪೇರಿಯವನು. “ಓದಿದ್ದು ಸಾಕು” ಅಂದುಬಿಟ್ಟನಂತೆ. ಆ ನೀಲಿ ಶರ್ಟಿನವನು ಅದಕ್ಕೂ ಮುಂಚೆ ನಾಲ್ಕು ದಿನದಿಂದ ಅವಳ ಹಿಂದೆ ಬರುತ್ತಿದ್ದನಂತೆ. ಪೊಲೀಸರಿಗೆ ಹೇಳಿದರೆ ಸಾಕ್ಷಿ ಯಾರು, ನನ್ನ ಮಗಳ ಹೆಸರಷ್ಟೇ ಊರ ತುಂಬ ಆಗುತ್ತದೆ ಎಂದನಂತೆ. ಹುಡುಗಿ ಒಂದೇ ಮಾತು ಹೇಳಿದಳಂತೆ: “ನೀವು ಹೇಳಿದ ಹಾಗೇ ಕೂಗಿದೆ ಟೀಚರ್. ಎಲ್ರೂ ನೋಡ್ತಾ ನಿಂತಿದ್ರು.”

ಇದನ್ನು ಅವರು ಸ್ಟಾಫ್ ರೂಮಿನಲ್ಲಿ ನಮ್ಮೆಲ್ಲರ ಎದುರು ಹೇಳಿದರು. ಹೇಳಿ, ಶೂ ಬಿಚ್ಚಿ, ಊದಿದ ಪಾದ ನೀವಿಕೊಳ್ಳುತ್ತ ಕೂತರು. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಒಂದೇ ಪತ್ರಿಕೆಯನ್ನು ಎರಡು ಸಲ ತಿದ್ದಿದೆ.

ನಾಲ್ಕು ದಿನ ಹೀಗೇ ಹೋಯಿತು. ಐದನೆಯ ದಿನ ರೂಮಿನಲ್ಲಿ ಇಬ್ಬರೇ ಇದ್ದಾಗ ಹೇಳಿದೆ. “ಮೇಡಂ, ಆವತ್ತು ನಾನು ಅಲ್ಲಿದ್ದೆ.”

ಅವರು “ಹೂಂ” ಅಂದರು. “ಅವಳು ಮೊದಲ ದಿನನೇ ಹೇಳಿದ್ಲು. ‘ನಮ್ಮ ಲೆಕ್ಕದ ಸರ್ ಇದ್ರು’ ಅಂದ್ಲು.”

ಸ್ಟಾಫ್ ರೂಮಿನ ನೆಲ ಬಿರುಕು ಬಿಟ್ಟಿದ್ದರೆ ಅಂದು ಇಳಿದು ಹೋಗುತ್ತಿದ್ದೆ.

“ನಿಮ್ಗೆ ಗೊತ್ತಿದ್ರೂ ಯಾಕೆ ಕೇಳ್ಲಿಲ್ಲ?”

“ನೀವಾಗೇ ಹೇಳ್ತೀರೇನೋ ಅಂತ. ಕೆದಕಿ ಕೇಳಿ ಹೇಳಿಸಿದ ಸಾಕ್ಷಿ ಗಟ್ಟಿ ಇರಲ್ಲ ಸರ್.” ಅವರು ಏಳಲು ಟೇಬಲ್ಲು ಹಿಡಿದರು. “ನಾಳೆ ಅವ್ರ ಮನೆಗೆ ಹೋಗುವ. ನೀವೂ ಬರ್ಬೇಕು.”

ನರಸಿಂಹರಾಜಪುರದ ಕಡೆಗೆ ಹೋಗುವ ಬಸ್ಸಿನಲ್ಲಿ ಹೋಗಿ, ಇಳಿದು ಒಂದು ಮೈಲಿ ನಡೆದೆವು. ಅವರು ಮೂರು ಕಡೆ ಕೂತು ಸುಧಾರಿಸಿಕೊಂಡರು. ಬಿಚ್ಚಿಟ್ಟ ಮೋಟಾರುಗಳ ನಡುವೆ ಆ ಅಪ್ಪ ನಮಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದ. ಹುಡುಗಿ ಒಳಬಾಗಿಲಲ್ಲಿ ನಿಂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು.

“ನಾನು ಕೇಳ್ದೆ, ನೋಡ್ದೆ, ಬರ್ಲಿಲ್ಲ. ತಪ್ಪಾಯ್ತು ಕಣಮ್ಮ. ಪೊಲೀಸ್ರ ಹತ್ರ, ಕೋರ್ಟಿನಲ್ಲಿ, ಎಲ್ಲಿ ಬೇಕಾದ್ರೂ ನೋಡಿದ್ದು ಹೇಳ್ತೇನೆ” ಎಂದೆ.

ಅಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. “ಈಗ ಬಂದ್ರಲ್ಲ” ಎಂದ. ಅದು ಕೃತಜ್ಞತೆಯೋ ಚುಚ್ಚು ಮಾತೋ ನನಗೆ ಈಗಲೂ ಗೊತ್ತಿಲ್ಲ. ಹುಡುಗಿ ನನ್ನನ್ನು ನೋಡಲಿಲ್ಲ. ಟೀಚರನ್ನೇ ನೋಡುತ್ತ, “ಅವ್ನ ಹುಬ್ಬಿನ ಮೇಲೆ ಗಾಯದ ಗುರುತಿದೆ ಟೀಚರ್. ಬಲಗಡೆ” ಎಂದಳು.

ಅವಳು ಹೇಳಿದ ಗುರುತಿನಿಂದ ಅವನು ವಾರದೊಳಗೆ ಸಿಕ್ಕಿಬಿದ್ದ. ನಾನು ಹೇಳಿಕೆ ಕೊಟ್ಟೆ. ಆಮೇಲೆ ಕೋರ್ಟಿಗೆ ಎಷ್ಟು ಸಲ ಹೋದೆನೋ, ಎಷ್ಟು ಸಲ ಮುಂದಕ್ಕೆ ಹೋಯಿತೋ ಲೆಕ್ಕ ಇಡಲಿಲ್ಲ. ಪ್ರತಿ ಸಲವೂ ಟೀಚರ್ ಜೊತೆಗೆ ಬಂದು ಹೊರಗಿನ ಬೆಂಚಿನಲ್ಲಿ ತೂಕಡಿಸುತ್ತಿದ್ದರು. ಕಡೆಗೆ ಅವನಿಗೆ ಶಿಕ್ಷೆಯಾಯಿತು. ಹುಡುಗಿ ಅಷ್ಟರಲ್ಲಿ ಪಿಯುಸಿ ಮುಗಿಸಿದ್ದಳು. ಶಾಲೆಗೇನೋ ಆಗಲೇ ವಾಪಸು ಬಂದಿದ್ದಳು, ಒಳ್ಳೆಯ ಅಂಕವೂ ಬಂತು. ಆದರೆ ಆ ಮೂರು ತಿಂಗಳು ನನ್ನ ಕ್ಲಾಸಿನಲ್ಲಿ ಅವಳು ಒಂದೇ ಒಂದು ಡೌಟು ಕೇಳಲಿಲ್ಲ. ಮೊದಲು ಬೋರ್ಡಿನ ತನಕ ಬಂದು ಕೇಳುತ್ತಿದ್ದ ಹುಡುಗಿ.

ಆಮೇಲೆ ಟೀಚರ್ ಪಾಠದ ದಿಕ್ಕು ಬದಲಾಯಿತು. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳಿಗೆ ಹೋಗತೊಡಗಿದರು. ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಹೇಳುತ್ತಿದ್ದದ್ದು ಇಷ್ಟೇ: “ಕೂಗು ಕೇಳಿದ್ರೆ ಒಬ್ರೇ ಹೋಗ್ಬೇಡಿ, ಜಗಳಕ್ಕೂ ಹೋಗ್ಬೇಡಿ. ಪಕ್ಕದ ಅಂಗಡಿಯವ್ರನ್ನ ಹೆಸರು ಹಿಡಿದು ಕರೀರಿ. ಇಬ್ರೂ ಹತ್ತಿರ ಹೋಗಿ ‘ಎಂತ ಆಯ್ತು?’ ಅಂತ ಗಟ್ಟಿಯಾಗಿ ಕೇಳಿ. ಅರ್ಧ ಕೇಸು ಅಲ್ಲೇ ಮುಗಿಯುತ್ತೆ.”

ಹೋಟೆಲಿನವರು ಕೈ ಮುಗಿದರು. “ಮೇಡಂ, ನಮ್ಗ್ಯಾಕೆ ಸ್ಟೇಷನ್ನು ಕೋರ್ಟಿನ ಉಸಾಬರಿ ಮಾರಾಯ್ರೆ, ಇಡ್ಲಿ ತಿಂದು ಹೋಗಿ.” ಮೊಬೈಲ್ ಅಂಗಡಿಯವನು ತಲೆ ಎತ್ತದೆ ಹೂಂ ಹೂಂ ಅಂದ. ಮುಂದಿನ ಶನಿವಾರ ಇವರು ಅದನ್ನೇ ಹೇಳಿದಾಗ, ಮೊದಲ ಸಲ ಕೇಳಿದಂತೆ ಮತ್ತೆ ಹೂಂ ಅಂದ. ಹೂವಿನ ಹೆಂಗಸು, ಕಾಫಿಪುಡಿಯವರು, ಒಬ್ಬ ಆಟೋದವನು, ಮನಸ್ಸಿಟ್ಟು ಕೇಳಿದವರು ಅಷ್ಟೇ. ಒಂದು ದಿನ ನಾನು, “ಮೂರು ಜನಕ್ಕೋಸ್ಕರ ಇಷ್ಟು ತಿರುಗ್ಬೇಕಾ ಮೇಡಂ?” ಎಂದೆ. “ನಂಗೂ ಸಾಕಾಗಿದೆ ಸರ್” ಎಂದರು. ಎಂದವರು ಎದ್ದು ಮುಂದಿನ ಅಂಗಡಿಗೆ ಹೋದರು.

ನಿವೃತ್ತಿಯ ನಂತರ ಶೃಂಗೇರಿಗೆ ಹೋದರು. ಅಲ್ಲಿ ಯಾತ್ರಿಕರ ವಸತಿಗೃಹಗಳಲ್ಲಿ ಕೋಣೆ ಗುಡಿಸುವ ಹೆಂಗಸರನ್ನು ಸೇರಿಸಿಕೊಂಡು ವಾರಕ್ಕೊಮ್ಮೆ ಪಾಠ ಮಾಡುತ್ತಿದ್ದರಂತೆ. ಕೋಣೆಗೆ ಹೋದಾಗ ಬಾಗಿಲಿಗೆ ಬಕೆಟ್ಟು ಅಡ್ಡ ಇಡಿ, ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗಿರಿ, ಇಂಥವು. ಮೂತ್ರಪಿಂಡದ ಕಾಯಿಲೆ ಬಂದ ಮೇಲೆ ಅದೂ ನಿಂತಿತು.

ತೀರಿಕೊಳ್ಳುವ ಎರಡು ತಿಂಗಳ ಮುಂಚೆ ನೋಡಲು ಹೋಗಿದ್ದೆ. ಬೆಳಗಿನ ಹೊತ್ತು. ಮುಖ ಊದಿಕೊಂಡಿತ್ತು. ಗಂಡ ದಿಂಬು ಸರಿಮಾಡಿ ಕೂರಿಸಿ, ಅಂಗಡಿಗೆ ಹೋಗಿ ಬರುತ್ತೇನೆಂದು ಹೊರಟರು. ಏನೇನೋ ಮಾತಾಡಿದೆವು. ಬಹಳ ವರ್ಷದಿಂದ ಕೇಳಬೇಕೆಂದುಕೊಂಡದ್ದನ್ನು ಕೊನೆಗೆ ಕೇಳಿದೆ.

“ಅವತ್ತು ಬಸ್ ಸ್ಟ್ಯಾಂಡಿನ ವಿಷಯ ಹೇಳ್ದಾಗ ನೀವು ನಂಗೆ ಒಂದು ಮಾತೂ ಬೈಲಿಲ್ಲ. ಯಾಕೆ ಮೇಡಂ?”

ಅವರು ಕಿಟಕಿಯ ಕಡೆ ನೋಡಿದರು. ನಿಧಾನವಾಗಿ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಹೇಳಿದರು.

“ನನ್ನ ಮೊದಲ ಪೋಸ್ಟಿಂಗು ನರಸಿಂಹರಾಜಪುರ. ಅಲ್ಲಿ ಬಾಡಿಗೆ ಮನೆ, ಎರಡು ಮನೆಗೆ ಒಂದೇ ಗೋಡೆ. ಆಚೆ ಮನೆ ಗಂಡ ಭಾನುವಾರ ಬಂದ್ರೆ ಹೆಂಡ್ತಿಗೆ ಹೊಡೀತಿದ್ದ. ಅವ್ಳು ಕೂಗ್ತಿದ್ಲು. ನನ್ನ ಹೆಸರು ಹಿಡಿದೇ ಕೂಗ್ತಿದ್ಲು ಸರ್, ಟೀಚರ್ ಅಂತಲೂ ಅಲ್ಲ, ಅಕ್ಕಾ ಅಂತ ಸೇರ್ಸಿ. ನಾನು ಟೀವಿ ಜೋರು ಮಾಡ್ತಿದ್ದೆ. ಎರಡು ವರ್ಷ ಹಾಗೇ. ಆಮೇಲೆ ನಂಗೆ ಕೊಪ್ಪಕ್ಕೆ ವರ್ಗ ಆಯ್ತು, ಬಂದುಬಿಟ್ಟೆ.”

ನಾನು ನೀರು ಕೊಟ್ಟೆ. ಒಂದು ಗುಟುಕು ಕುಡಿದರು.

“ಆ ತರಬೇತಿಗೆ ಹೆಸರು ಕೊಟ್ಟೆನಲ್ಲ, ಅದಕ್ಕೆ ಒಂದು ತಿಂಗಳು ಮುಂಚೆ ಇಲ್ಲಿಗೆ ಬಂದಿದ್ದೆ. ಮಠದ ಊಟದ ಸಾಲಿನಲ್ಲಿ ನಿಂತಿದ್ದೆ. ಮುಂದೆ ನಿಂತಿದ್ದವಳು ತಿರುಗಿದ್ಲು. ಅವಳೇ. ಕಿವಿ ಹತ್ತಿರ ಇಷ್ಟುದ್ದ ಹೊಲಿಗೆ ಹಾಕಿದ ಗುರುತು, ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಅವ್ಳಿಗೆ ನನ್ನ ಗುರುತು ಸಿಕ್ತು. ಬೈದಿದ್ರೆ ನಾನು ಮನೆಗೆ ಬಂದು ಅತ್ತು ಮಲಗ್ತಿದ್ದೆ ಸರ್, ಅಲ್ಲಿಗೆ ಮುಗೀತಿತ್ತು. ಅವ್ಳು ನನ್ನ ಎರಡೂ ಕೈ ಹಿಡ್ಕೊಂಡು, ‘ಅಕ್ಕಾ, ಚೆನ್ನಾಗಿದೀರಾ?’ ಅಂದ್ಲು.”

“ನೀವೆಂತ ಹೇಳಿದ್ರಿ?”

“ಚೆನ್ನಾಗಿದೀನಿ ಅಂದೆ” ಎಂದರು ಅವರು. “ಸಾಲು ಮುಂದಕ್ಕೆ ಹೋಯ್ತು.”